ಮೊದಲ ರವಿವಾರದ ನೆಗಡಿ

ನಮ್ಮ ಬೆಟಗೇರಿ ಕ್ರೈಸ್ತ ಸಭೆಯ ಹೊಸ ತಲೆಮಾರಿನವರು ಈಗೀಗ ಎದೆಯುಬ್ಬಿಸಿ ಒಂದು ಮಾತು ಹೇಳುತ್ತಾರೆ: "ನಮ್ಮದು ಮೊದಲಿನಿಂದಲೂ ದೊಡ್ಡ ಮನಸ್ಸಿನ ಸಭೆ, ಯಾರನ್ನೂ ಹೊರಗಿಟ್ಟಿದ್ದಿಲ್ಲ." ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಕೆಮ್ಮು ಬರುತ್ತದೆ. ಹೊರಗಿಡಲಿಲ್ಲ ಅನ್ನುವುದು ಖರೆ. ಆದರೆ ಅದು ಮನಸ್ಸು ದೊಡ್ಡದಿತ್ತು ಅಂತಲ್ಲ. ಮೂಗು ದೊಡ್ಡದಿತ್ತು, ಕಣ್ಣು ಸಣ್ಣವಿದ್ದವು. ವಾಸನೆ ಹಿಡಿಯುತ್ತಿದ್ದರು, ಎದುರಿಗಿದ್ದದ್ದು ಕಾಣುತ್ತಿರಲಿಲ್ಲ. ಹಾಗೆ ಕಾಣದ್ದರಿಂದಲೇ ನನ್ನಂಥವಳಿಗೆ ಅಲ್ಲಿ ಒಂದು ಜಾಗ ಉಳಿಯಿತು ಅನ್ನುವುದನ್ನು, ಎಪ್ಪತ್ತು ದಾಟಿ ಬಿಪಿ ಗುಳಿಗೆ ನುಂಗುತ್ತ ಕೂತ ಈ ವಯಸ್ಸಿನಲ್ಲಿ, ಹಲ್ಲು ಕಚ್ಚಿಕೊಂಡು ಒಪ್ಪಬೇಕಾಗಿದೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಮೂವತ್ತರ ಹತ್ತಿರ ಬಂದರೂ ಮದುವೆಯಾಗದ, ಕನ್ನಡಕದ, ಛತ್ರಿ ಬಿಡದ ಅಕ್ಕೋರು. ಮೋಡ ಇಲ್ಲದಿದ್ದರೂ ಛತ್ರಿ. ಮೋಡ ಇದ್ದರೆ ಛತ್ರಿಯ ಜೊತೆಗೊಂದು ಪ್ರಾರ್ಥನೆ. ಬಸ್ಸು ಹಳ್ಳದ ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುವವಳು. ಮನೆಗೆ ಬೀಗ ಹಾಕಿ ಓಣಿಯ ಮೂಲೆಯವರೆಗೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವಳು. ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ ಶಿರಹಟ್ಟಿ ಮೇಲೆ ಹಾದು ಬರುವ ಬಸ್ಸು ಹಿಡಿದು ಗದಗಿಗೆ, ಅಲ್ಲಿಂದ ಟಾಂಗಾದಲ್ಲಿ ಬೆಟಗೇರಿಗೆ. ಬೆಟಗೇರಿಯಲ್ಲಿ ಆಸ್ಪತ್ರೆಯ ಹಿಂದಿನ ಓಣಿಯ ಎರಡು ಖೋಲಿಯ ಮನೆಯಲ್ಲಿ ನನ್ನ ಗೆಳತಿ ಇದ್ದಳು. ಅವಳು ನರ್ಸು.

ಗೆಳತಿ ಅನ್ನುವ ಶಬ್ದ ಎಷ್ಟು ಉಪಕಾರಿ! ಕೌದಿ ಇದ್ದಂತೆ. ಕೆಳಗೆ ಏನಿದೆ ಅಂತ ಯಾರೂ ಎತ್ತಿ ನೋಡುವುದಿಲ್ಲ. ಉಳಿದ ಹೆಂಗಸರಿಗೆ ಗಂಡ ಏನಾಗಿರುತ್ತಾನೋ, ಅಥವಾ ಏನಾಗಿರಬೇಕಿತ್ತೋ, ನನಗೆ ಅವಳು ಅದಾಗಿದ್ದಳು. ಅವಳಿಗೆ ನಾನೂ ಅದೇ. ಈಗಿನ ಹುಡುಗರ ಹತ್ತಿರ ಇದಕ್ಕೆ ಹೆಸರುಗಳಿವೆ, ಬಣ್ಣದ ಬಾವುಟ ಇದೆ. ನಮ್ಮ ಹತ್ತಿರ ಇದ್ದದ್ದು ಒಂದು ಸ್ಟೋವು, ಎರಡು ಮಂಚ. ಅದರಲ್ಲೊಂದು ಬಂದವರಿಗೆ ತೋರಿಸಲಿಕ್ಕೆ.

ನಮ್ಮ ದೇವಾಲಯದಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುವೆ ಒಂದು ಹಾದಿ, ಅದನ್ನು ದಾಟಿ ಕೂಡುವ ಎದೆ ಯಾರಿಗೂ ಇರಲಿಲ್ಲ. ಮದುವೆಯ ದಿನ ಜೋಡಿಯಾಗಿ ನಿಂತವರು ಮರು ರವಿವಾರದಿಂದ ಸಾಯುವ ತನಕ ಬೇರೆ ಬೇರೆ ಕೂತು ದೇವರನ್ನು ಸ್ತುತಿಸಬೇಕು. ನಾವಿಬ್ಬರು ಮಾತ್ರ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ, ಒಂದೇ ಹಾಡಿನ ಪುಸ್ತಕ ಹಿಡಿದುಕೊಂಡು. ಇಡೀ ಸಭೆಯಲ್ಲಿ ಜೊತೆಗೆ ಕೂತ ಜೋಡಿ ನಮ್ಮದೊಂದೇ. ಶೀಲ ಕಾಯಲಿಕ್ಕೆಂದು ಮಾಡಿದ ಪದ್ಧತಿಯ ಲಾಭ ಯಾರ ಪಾಲಿಗೆ ಹೋಯಿತು ಅಂತ ಹಿರಿಯರ ಮಂಡಳಿಗೆ ಕೊನೆಯವರೆಗೂ ಹೊಳೆಯಲಿಲ್ಲ. ಆ ಮಂಡಳಿಗೆ ಹೊಳೆಯದ ಸಂಗತಿಗಳನ್ನೆಲ್ಲ ಒಟ್ಟು ಮಾಡಿದರೆ ಇನ್ನೊಂದು ದೇವಾಲಯ ಕಟ್ಟಬಹುದಿತ್ತು.

ಹೀಗೆ ಸುಖವಾಗಿದ್ದವಳನ್ನು ಕೆಡಿಸಿದ್ದು ಒಬ್ಬ ಪ್ರಸಂಗಿ. ಗದಗಿನಲ್ಲಿ ಪೆಂಡಾಲು ಹಾಕಿ ಉಜ್ಜೀವನ ಕೂಟ ನಡೆಸಿದರು. ಪ್ರಸಂಗಿ ಪರ ಊರಿನವನು, ಬಿಳೀ ಪ್ಯಾಂಟು, ಬಿಳೀ ಬೂಟು. ಇಂಗ್ಲಿಷಿನಲ್ಲಿ ಗುಡುಗುತ್ತಿದ್ದ, ಬಾಜೂಕ ನಿಂತ ನಮ್ಮ ಒಬ್ಬ ಹೆಡ್ ಮಾಸ್ತರು ಕನ್ನಡದಲ್ಲಿ ಹನಿಯುತ್ತಿದ್ದರು. ಪಾಪಕ್ಕಾಗಿ ದೇವರ ಬೆಂಕಿ ಬಿದ್ದು ಸುಟ್ಟ ಎರಡು ಪಟ್ಟಣಗಳ ಸಂಗತಿ ಬಂತು. ಗಂಡಸಿನ ಮೇಲೆ ಮನಸ್ಸಿಟ್ಟ ಗಂಡಸು, ಹೆಂಗಸಿನ ಮೇಲೆ ಮನಸ್ಸಿಟ್ಟ ಹೆಂಗಸು, ಇವರು ದೇವರ ಮೇಜಿಗೆ ಬಂದರೆ ಬಾಯಲ್ಲಿ ರೊಟ್ಟಿ ಕೆಂಡವಾಗುತ್ತದೆ ಅಂತ ಅವನು ಕುಣಿಕುಣಿದು ಹೇಳಿದ. ಹೆಡ್ ಮಾಸ್ತರು ಮರ್ಯಾದಸ್ತರು. ಒಂದು ಸಲ ಕೆಮ್ಮಿ, "ಮತ್ತು ಇನ್ನಿತರ ಪಾಪಗಳು" ಅಂದು ಮುಗಿಸಿಬಿಟ್ಟರು. ಹೀಗಾಗಿ ಆ ಪಾಪದ ಖಬರ ಮುಟ್ಟಿದ್ದು ಇಂಗ್ಲಿಷ್ ಬಲ್ಲ ನಾಲ್ಕೈದು ಮಂದಿಗೆ. ಅದನ್ನು ಮನೆಗೆ ಹೊತ್ತುಕೊಂಡು ಬಂದವಳು ನಾನೊಬ್ಬಳೇ. ಸರಕಾರ ನನ್ನನ್ನು ಮೆಟ್ರಿಕ್‌ವರೆಗೆ ಓದಿಸಿದ್ದರ ಫಲ.

ನಮ್ಮಲ್ಲಿ ಕರ್ತನ ಭೋಜನ, ಬಾಯಿಮಾತಿನಲ್ಲಿ ಬರೀ ಮೇಜು, ತಿಂಗಳ ಮೊದಲ ರವಿವಾರ. ಯೇಸುಸ್ವಾಮಿಯ ಕಡೆಯ ಊಟದ ನೆನಪಿಗೆ ಒಂದು ಚೂರು ರೊಟ್ಟಿ, ಒಂದೇ ಬಟ್ಟಲಿನಿಂದ ಒಂದು ಗುಟುಕು ದ್ರಾಕ್ಷಿ ರಸ. ಮೊದಲು ಗಂಡಸರ ಪಂಕ್ತಿ, ಆಮೇಲೆ ಹೆಂಗಸರದು. ಅದಕ್ಕೂ ಮೊದಲು ಅಯ್ಯನವರು, ಅಂದರೆ ನಮ್ಮ ಪಾದ್ರಿ, ಒಂದು ಎಚ್ಚರಿಕೆ ಓದುತ್ತಾರೆ: ಯೋಗ್ಯತೆ ಇಲ್ಲದೆ ಈ ಬಟ್ಟಲು ಮುಟ್ಟಿದವರು ತೀರ್ಪನ್ನು ತಮ್ಮ ಮೇಲೆ ತಾವೇ ತಂದುಕೊಳ್ಳುತ್ತಾರೆ ಅಂತ. ಸಣ್ಣಂದಿನಿಂದ ಕೇಳಿದ ಮಾತು. ಆ ತಿಂಗಳು ಮಾತ್ರ ನನ್ನ ಹೆಸರು ಹಿಡಿದು ಕರೆದಂತಾಯಿತು. ಹೆಂಗಸರೆಲ್ಲ ಎದ್ದರು. ನಾನು ಕರವಸ್ತ್ರ ತೆಗೆದು ಮೂಗಿಗೆ ಹಿಡಿದೆ. "ನೆಗಡಿ ಆಗೇತಿ, ಒಂದ ಬಟ್ಟಲದಾಗ ಎಲ್ಲಾರೂ ಕುಡಿಯೂದು, ಬ್ಯಾಡ" ಅಂದೆ. ಎಂಥ ಸಭ್ಯಳು! ಪಕ್ಕದ ಹೆಂಗಸರು ಮೆಚ್ಚಿಗೆಯಿಂದ ತಲೆದೂಗಿದರು.

ಮರು ತಿಂಗಳೂ ನೆಗಡಿ. ಅದರ ಮರು ತಿಂಗಳೂ. ಜ್ಯೇಷ್ಠದ ಬಿಸಿಲಲ್ಲಿ ಲಕ್ಷ್ಮೇಶ್ವರದ ನಾಯಿಗಳು ನಾಲಿಗೆ ಚಾಚಿಕೊಂಡು ಬಿದ್ದಿದ್ದಾಗಲೂ ನನಗೆ ನೆಗಡಿ.

"ನಿನ್ನ ನೆಗಡಿ ತಿಂಗಳ ಮೊದಲನೇ ರವಿವಾರಕ್ಕ ಬರತೈತಿ, ಸೋಮವಾರಕ್ಕ ಹೋಗತೈತಿ," ಅಂದಳು ಗೆಳತಿ, ಅಕ್ಕಿ ಆರಿಸುತ್ತ. "ನಮ್ಮ ಆಸ್ಪತ್ರಿಯಾಗ ಇಂಥಾ ರೋಗ ನಾ ನೋಡಿಲ್ಲ."

"ನಿನಗೇನ ಗೊತ್ತು ನನ್ನ ಸಂಕಟ."

"ಎಲ್ಲಾ ಗೊತ್ತೈತಿ. ಆ ಬಿಳೀ ಬೂಟಿನಾಂವ ಏನೋ ಒದರಿದ, ನೀ ನಂಬಿದಿ. ಯೇಸುಸ್ವಾಮಿ ಎಂಥೆಂಥವರ ಮನ್ಯಾಗ ಉಂಡ ಬಂದಾನ, ನನ್ನ ನಿನ್ನ ಕೂಡ ಉಣ್ಣಾಕ ಅವಂಗೇನ ಧಾಡಿ?"

"ಹಂಗಲ್ಲ, ಬರೆದದ್ದು ಐತಿ..."

"ಬರೆದದ್ದು ಭಾಳ ಐತಿ. ನನಗ ಹಸಿವಿ ಐತಿ, ನಾ ಹೋಗತೇನಿ. ಖರೆ ಒಂದ ಮಾತು." ಅವಳು ಮೊರ ಕೆಳಗಿಟ್ಟಳು. "ಮೊಣಕಾಲೂರಿ ಕುಂತಾಗ ನನ್ನ ಬಾಜೂಕಿನ ಜಾಗಾ ಖಾಲಿ ಇರತೈತಿ. ಅದನ್ನ ನೋಡಿ ಮಂದಿ ಏನಂದಾರು ಅಂತ ನಿನಗ ಚಿಂತಿ. ಅದನ್ನ ನೋಡಿ ನನಗ ಏನ ಅನಸತೈತಿ ಅಂತ ಕೇಳಿದ್ದೇನ? ನಾವು ಇರೂದು ಮೇಜಿಗೆ ತರಲಾರದಂಥಾ ಹೊಲಸು ಅಂತ ನಿನಗ ಅನಿಸಿದ್ರ, ಶನಿವಾರಕ್ಕೊಮ್ಮೆ ಆ ಹೊಲಸಿಗೆ ಯಾಕ ಬರತಿ? ಎರಡ್ರಾಗ ಒಂದ ಮಾಡು. ಮುಂದಿನ ಮೇಜಿಗೆ ಬಾ. ಇಲ್ಲಾ, ಬಸ್ ಚಾರ್ಜ್ ಉಳಸು."

ಅವಳು ಕೂಗಾಡುವವಳಲ್ಲ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ಹೇಳುತ್ತಾರಲ್ಲ, ಅದೇ ಧ್ವನಿ. ಅಂದರೆ ಚುಚ್ಚುವುದು ನಿಶ್ಚಿತ. ಮೇಜಿಗೆ ಹೋದರೆ ಬಾಯಲ್ಲಿ ಕೆಂಡ, ಹೋಗದಿದ್ದರೆ ಈ ಮನೆ ಇಲ್ಲ. ನಾನು ವಾರವಿಡೀ ತೂಗಿದೆ. ಏನಾದರೂ ನಿರ್ಧಾರ ಮಾಡಿದೆನೋ ಅಂದರೆ, ಒಂದು ಹೊಸ ಕರವಸ್ತ್ರ ಕೊಂಡೆ.

ಇತ್ತ ಸಭೆಗೂ ಪುರುಸೊತ್ತಿರಲಿಲ್ಲ. ನಮ್ಮಲ್ಲಿ ಒಬ್ಬರು ಸಾಲಾಗಿ ಮೇಜು ತಪ್ಪಿಸಿದರೆ ಅವರ ಹೊಟ್ಟೆಯಲ್ಲಿ ಯಾವುದೋ ಪಾಪ ಕೂತಿದೆ ಅಂತ ಅರ್ಥ. ಯಾವುದು ಅಂತ ಹುಡುಕುವುದು ಉಳಿದವರ ಧರ್ಮ. ದೇವರ ವಾಕ್ಯ ಹುಡುಕುವುದರಲ್ಲಿ ನಮ್ಮವರು ಇಷ್ಟು ಶ್ರಮ ಪಟ್ಟಿದ್ದರೆ ಬೆಟಗೇರಿ ಇಷ್ಟೊತ್ತಿಗೆ ಸ್ವರ್ಗವಾಗಿರುತ್ತಿತ್ತು. ತಾಯಿಯ ಕೂಡ ಜಗಳಾಡಿದ್ದಾಳೆ ಅಂದರು ಒಬ್ಬರು. ಸಿನೆಮಾಕ್ಕೆ ಹೋಗುತ್ತಾಳೆ ಅಂದರು ಇನ್ನೊಬ್ಬರು. ಕೊನೆಗೆ ಪಾಪ ಸಿಕ್ಕಿತು. ಸಿಕ್ಕಿದ್ದು ಮಂಡಳಿಯ ಹಿರಿಯರೊಬ್ಬರಿಗೆ. ನೇಯ್ಗೆ ಕಾರಖಾನೆಯಲ್ಲಿ ಮುಕಾದಮರಾಗಿದ್ದು ನಿವೃತ್ತರಾದವರು, ಸಭೆಯನ್ನೂ ಮಗ್ಗದ ಕೆಲಸಗಾರರಂತೆ ನೋಡಿಕೊಳ್ಳುತ್ತಿದ್ದವರು. ಎಲ್ಲಿ ಎಳೆ ಕಡಿದರೂ ಅವರಿಗೆ ಗೊತ್ತಾಗುತ್ತಿತ್ತು, ಗಂಟು ಮಾತ್ರ ಯಾವಾಗಲೂ ಬೇರೆ ಕಡೆ ಹಾಕುತ್ತಿದ್ದರು.

ಮೇಜಿನ ಹಿಂದಿನ ದಿನ, ಶನಿವಾರ ಸಂಜೆ, ಗೆಳತಿಯ ಮನೆಗೆ ಮೂವರು ಬಂದರು. ಹಿರಿಯರು, ಅವರ ಹೆಂಡತಿ, ಮತ್ತು ಅಯ್ಯನವರು. ಹಿರಿಯರ ಹೆಂಡತಿಯನ್ನು ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು. ಭೋಜನದ ದ್ರಾಕ್ಷಿ ರಸ ಮಾಡುವ ಹಕ್ಕು ಆಕೆಯದು. ಅಯ್ಯನವರು ಕರಾವಳಿಯಿಂದ ವರ್ಗವಾಗಿ ಬಂದ ಎಳೆಯ ಪಾದ್ರಿ. ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ಬಿಸಿಲಿಗೂ ಹಿರಿಯರಿಗೂ ಸಮನಾಗಿ ಅಂಜುತ್ತಿದ್ದರು. ಗೆಳತಿ ಚಹಾಕ್ಕೆ ಇಡಲು ಒಳಗೆ ಹೋದಳು. ನಾನು ಬಿಸ್ಕೀಟಿನ ತಾಟು ಹಿಡಿದು ನಿಂತೆ.

"ಕುಂಡ್ರು ತಂಗಿ," ಅಂದರು ಹಿರಿಯರು. "ಮುಚ್ಚುಮರಿ ಬ್ಯಾಡ. ನಮಗ ಎಲ್ಲಾ ತಿಳದೈತಿ."

ನಾನು ತಾಟನ್ನು ದೊಡ್ಡವ್ವನ ಮುಂದಿಟ್ಟು ಕೂತೆ.

"ನಾ ಕಣ್ಣಾರೆ ಕಂಡೇನಿ. ಕಂಡರೂ ಇಷ್ಟ ದಿನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

"ನನ್ನ ಮುಂದ ಅವತ್ತ ಬಿಟ್ಟ್ರಿ," ಅಂದಳು ದೊಡ್ಡವ್ವ.

"ನೀ ಏನ ಹೊರಗಿನಾಕಿ?"

"ಮರುದಿನ ನಿಮ್ಮ ತಮ್ಮನ ಮುಂದ. ಅಂವ ಹೊರಗಿನಾಂವ ಅಲ್ಲಂತೀರಿ, ಆತು. ಆ ಹಾಲಿನಾಂವ?"

"ಸುಮ್ಮ ಇರ್ತಿಯೇನ ಒಂದೀಟು?" ಹಿರಿಯರು ನನ್ನ ಕಡೆ ತಿರುಗಿದರು.

"ಎಲ್ಲಿ ಕಂಡ್ರಿ?" ಅಂತ ಕೇಳಿದೆ.

"ಶಿರಹಟ್ಟಿ ಬಸ್‌ಸ್ಟ್ಯಾಂಡಿನ್ಯಾಗ."

ನಾನೂ ಅವಳೂ ಶಿರಹಟ್ಟಿಯಲ್ಲಿ ಒಟ್ಟಿಗೆ ಇಳಿದವರೇ ಅಲ್ಲ.

"ಕೈಯಾಗ ಒಡದ ಕಾಯಿ, ಸಕ್ರಿ ಪುಡಿಕಿ. ತಲ್ಯಾಗ ಮಲ್ಲಿಗಿ. ಮಠಕ್ಕ ಹೋಗಿ ಗಂಡ ಸಿಗಲಿ ಅಂತ ಹರಕಿ ಹೊತ್ತ ಬಂದಿದ್ದಿ. ಹೌದಿಲ್ಲೋ?"

ಒಳಗೆ ಏನೋ ಬಿದ್ದ ಸದ್ದಾಯಿತು. ನಗು ತಡೆಯಲಾರದೆ ಬಾಯಿಗೆ ಸೆರಗು ತುರುಕಿಕೊಳ್ಳುವಾಗ ಅವಳ ಮೊಣಕೈ ಪಾತ್ರೆಗೆ ತಗಲಿತ್ತು.

ಆಗ ನೆನಪಾಯಿತು. ಲಕ್ಷ್ಮೇಶ್ವರದಲ್ಲಿ ನನ್ನ ಮನೆಯ ಮಾಲಕರದು ಶೇಂಗಾ ವ್ಯಾಪಾರ, ಅವರ ಹೆಂಡತಿ ಧಾರಾಳ ಮನಸ್ಸಿನ ಹೆಂಗಸು. ಮಗನಿಗೆ ಮೂತ್ರಕೋಶದಲ್ಲಿ ಹರಳಾಗಿತ್ತು. ಅದು ಕರಗಲಿ ಅಂತ ಶಿರಹಟ್ಟಿ ಮಠಕ್ಕೆ ಹರಕೆ ಹೊತ್ತಿದ್ದರು. ಗಂಡನಿಗೆ ಪೇಟೆ ಬಿಟ್ಟು ಬರಲಾಗದೆ, "ಅಕ್ಕೋರ, ಒಬ್ಬಾಕೀನ ಹೆಂಗ ಹೋಗಲಿ, ಜೋಡಿಗೆ ಬರ್ರಿ" ಅಂದಿದ್ದರು. ನಾನು ಹೊರಗೆ ಚಪ್ಪಲಿ ಕಾಯುತ್ತ ಕೂತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನ ತಲೆಗೆ ಹೂವು ಸಿಕ್ಕಿಸಿ, ಕಾಯಿ ಸಕ್ಕರೆ ಕೈಗೆ ಕೊಟ್ಟು ನೀರು ಕುಡಿಯಲು ಹೋಗಿದ್ದರು. ಅದೇ ಗಳಿಗೆಯಲ್ಲಿ ನಮ್ಮ ಮುಕಾದಮರ ಬಸ್ಸು ಬಂದು ನಿಂತಿರಬೇಕು. ಪರರ ಮಗನ ಹರಳು ನನ್ನ ಪಾಪವಾಗಿ ಬೆಟಗೇರಿಯಲ್ಲಿ ಹಾಲಿನವನ ಜೊತೆ ಮನೆಮನೆ ತಿರುಗಿತ್ತು.

"ಪಾಪ ಖರೆ," ಹಿರಿಯರು ಉದಾರವಾಗಿ ಮುಂದುವರಿಸಿದರು. "ಖರೆ ನಾವೂ ಮನಶ್ಯಾರ. ವಯಸ್ಸ ಮೀರತೈತಿ, ಹೆಣ್ಣಜಾತಿ, ಬುದ್ಧಿ ಅತ್ತಾಗಿತ್ತಾಗ ಆಗತೈತಿ. ನಾಳೆ ಮೇಜಿನ ಮೊದಲ ಎದ್ದ ನಿಂತು 'ಮರುಳಾದೆ' ಅಂತ ಒಂದ ಮಾತ ಹೇಳು, ಮುಗೀತು. ಸಭಾ ಕ್ಷಮಿಸತೈತಿ. ಗಂಡಿನ ಕಾಳಜಿ ನಮಗ ಬಿಡು. ಮುಂಡರಗಿಯಾಗ ಒಬ್ಬ ಮಾಸ್ತರ ಅದಾರ, ನಮ್ಮವರ. ಹೇಣ್ತಿ ತೀರಿಕೊಂಡಾಳ. ಕೊರ್ಲಹಳ್ಳಿ ಕಡೆ ಹೊಳಿ ದಂಡಿಗೆ ಹೊಲ ಐತಿ. ಎರಡ ಮಕ್ಕಳ ತಯಾರ ಅದಾವು, ನಿನಗ ಆ ತ್ರಾಸೂ ಇಲ್ಲ."

ಈ ಸಭೆಯ ದೊಡ್ಡ ಮನಸ್ಸು ಅಂದರೆ ಇದು. ನಾನು ಮಾಡದ ಪಾಪಕ್ಕೆ ಕ್ಷಮೆ, ನಾನು ಕೇಳದ ಗಂಡ, ನಾನು ಹೆರದ ಮಕ್ಕಳು, ಎಲ್ಲ ಸಿದ್ಧ ಮಾಡಿಕೊಂಡು ಬಂದಿದ್ದರು.

ನನ್ನ ಬುದ್ಧಿಯೋ, ಅದೂ ಕೂಡಲೇ ಅಂಗಡಿ ತೆರೆಯಿತು. ಹೂಂ ಅಂದುಬಿಟ್ಟರೆ ಎಷ್ಟು ಸಸಾರ! ಸುಳ್ಳು ಪಾಪ ಒಪ್ಪಿಕೊಳ್ಳುವುದು, ಮೇಜಿಗೆ ಹೋಗುವುದು, ಮುಂಡರಗಿಯವರನ್ನು ಜಾತಕ ಕೇಳಿದವರಂತೆ ಅದು ಇದು ಅಂತ ಮುಂದೂಡುವುದು. ಆಗ ಗೆಳತಿ ಚಹಾ ತಂದಳು. ತಾಟು ಇಟ್ಟು ಒಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ, ಕೈಕಟ್ಟಿ, ನನ್ನನ್ನೇ ನೋಡುತ್ತ ನಿಂತಳು. ಈಗ ನಗುತ್ತಿರಲಿಲ್ಲ. ಈ ಮನೆ ನನಗೆ ಇನ್ನು ಇದೆಯೋ ಇಲ್ಲವೋ ಅನ್ನುವುದು ನಾನು ಬಾಯಿ ತೆರೆದ ಮೇಲೆ ತೀರ್ಮಾನವಾಗುವುದಿತ್ತು.

"ಹರಕಿ ನಂದಲ್ರಿ," ಅಂದೆ. "ಮಾಲಕರ ಹೇಣ್ತಿದು. ನನಗ ಗಂಡ ಬ್ಯಾಡ. ಮುಂಡರಗಿದೂ ಬ್ಯಾಡ, ಮತ್ತೊಂದ ಊರಿಂದೂ ಬ್ಯಾಡ. ನನಗ ಮನಿ ಐತಿ. ಇದ ಮನಿ. ಈಕಿ ಎಲ್ಲಿರತಾಳ ಅದ ನನ್ನ ಮನಿ. ಪೆಂಡಾಲಿನ್ಯಾಗ ಆ ಪ್ರಸಂಗಿ ಹೇಳಿದ್ದು ನಮ್ಮಿಬ್ಬರಂಥವರಿಗೆ. ಅದಕ್ಕ ನಾ ಮೇಜಿಗೆ ಬರವಲ್ಲೆ. ನೆಗಡಿ ಇಲ್ಲ, ಏನೂ ಇಲ್ಲ."

ಹೇಳಿ ಮುಗಿಸಿ, ಛಾವಣಿಯ ಹಂಚು ನೋಡಿದೆ. ಬೀಳುವುದಾದರೆ ಈಗ ಬೀಳಬೇಕು.

ಹಿರಿಯರು ಹುಬ್ಬು ಗಂಟಿಕ್ಕಿದರು. "ಪ್ರಸಂಗಿ? ಅಂವ ಮನಿ ಸುದ್ದಿ ಎಲ್ಲಿ ಹೇಳಿದ? ಕುಡಿಯೂದು, ಜೂಜಾಡೂದು, ಇನ್ನಿತರ ಅಂದ." ಸ್ವಲ್ಪ ಯೋಚಿಸಿದರು. ಮುಖ ಬೆಳಗಿತು. "ಅವ್ವನ ಬಿಟ್ಟ ಬ್ಯಾರೆ ಮನಿ ಮಾಡೀದಿ ಅಂತ ಮನಸಿಗೆ ಹಚಗೊಂಡಿಯೇನ? ಹುಚ್ಚಿ! ನೌಕರಿ ಅಂದ ಮ್ಯಾಲ ಅದು ಪಾಪ ಅಲ್ಲ."

ಅಯ್ಯನವರಿಗೆ ಮಾತ್ರ ಇಂಗ್ಲಿಷ್ ಬರುತ್ತಿತ್ತು. ಅವರ ಕಿವಿ ಮಾವಿನ ಚಿಗುರಿನ ಬಣ್ಣಕ್ಕೆ ತಿರುಗಿತ್ತು, ದೃಷ್ಟಿ ಚಹಾದ ಕೆನೆಯಲ್ಲಿ ನೆಟ್ಟಿತ್ತು.

ದೊಡ್ಡವ್ವ ಬಿಸ್ಕೀಟು ಅದ್ದುವುದನ್ನು ನಿಲ್ಲಿಸಿದಳು. "ಅಂದ್ರ, ನನ್ನ ರಸದ ಸಲುವಾಗಿ ಅಲ್ಲ?"

"ಏನ್ರಿ?"

"ನಾ ಮಾಡೂ ರಸ! ಕರೇ ಮನೂಕ ತೊಳದು, ನೆನಿ ಇಟ್ಟು, ಕುದಿಸಿ, ಸೋಸಿ ಕಳಸತೇನಿ. ಒಂದ ಸರ್ತಿ ಗಡಿಗಿ ತಳಾ ಹಿಡದಿತ್ತು. ನೀ ಬರೂದ ಬಿಟ್ಟಿದ್ದ ಅದರ ಮುಂದಿನ ಸರ್ತಿಯಿಂದ. ಈಕಿಗೆ ನನ್ನ ರಸ ಹೋಗವಲ್ದು, ಬಾಯಿ ಬಿಟ್ಟ ಹೇಳವಲ್ಲಳು, ನೆಗಡಿ ಅಂತಾಳ ಅಂತ ನಾ ಎಷ್ಟ ಹೊಟ್ಟಿ ಉರಕೊಂಡೇನಿ! ಇಷ್ಟ ಏನ ನಿಂದು?"

"ಇಷ್ಟ... ಇಷ್ಟಂದ್ರ ಸಣ್ಣದಲ್ರಿ ದೊಡ್ಡವ್ವ, ನಾವಿಬ್ಬರೂ..."

"ನನಗ ಕಣ್ಣಿಲ್ಲೇನ? ನಿಮ್ಮ ಹಿಂದಿನ ಬೆಂಚಿನ್ಯಾಗ ಕುಂಡ್ರಾಕಿ ನಾ. ಒಂದ ಪುಸ್ತಕಾ ಇಬ್ಬರೂ ಹಿಡಕೊಂಡು ಹಾಡೂದು ನೋಡಕೋತ ಬಂದೇನಿ. ಈ ಮನಶಾನ ಕೂಡ ಇಷ್ಟ ವರ್ಷ ಬಾಳೇ ಮಾಡೇನಿ, ಒಂದ ದಿನಾ ಒಂದ ಪುಸ್ತಕಾ ಹಿಡದ ಹಾಡಿಲ್ಲ."

"ಎಲ್ಲಿ ಹಾಡೂದು?" ಹಿರಿಯರು ಸಿಟ್ಟಾದರು. "ನಿನ್ನ ಬೆಂಚ ಆ ಕಡೆ, ನನ್ನ ಬೆಂಚ ಈ ಕಡೆ."

"ಅದನ್ನ ನಾನೂ ಹೇಳಿದ್ದು."

ಗೆಳತಿ ಬಾಗಿಲಲ್ಲಿ ಮುಖ ತಿರುಗಿಸಿಕೊಂಡಳು. ನಾನು ಅಯ್ಯನವರ ಕಡೆ ನೋಡಿದೆ. ಅವರಿಂದಲೇ ಕೇಳಬೇಕಿತ್ತು ನನಗೆ. ಎಷ್ಟಾದರೂ ಮೆಟ್ರಿಕ್ ಓದಿದವಳು, ದೊಡ್ಡವ್ವನ ಮಾತಿಗೆ ಸಹಿ ಶಿಕ್ಕಾ ಇರಲಿಲ್ಲ. "ನೀವ ಹೇಳ್ರಿ ಅಯ್ಯನೋರ. ನಾಳೆ ಬರಲೋ, ಬ್ಯಾಡೋ?"

ಅವರು ಕೆನೆಗೆ ಹೇಳಿದರು: "ಮೇಜು ನನ್ನದಲ್ಲ ಅಕ್ಕನವರೇ. ಊಟಕ್ಕೆ ಕರೆದವನು ಬೇರೆ, ನಾನು ಬಡಿಸುವವನು ಮಾತ್ರ. ಎಲೆಯ ಮುಂದೆ ಕೂತವರನ್ನು ಎಬ್ಬಿಸುವ ಅಧಿಕಾರ ಬಡಿಸುವವನಿಗೆ ಇಲ್ಲ." ಇನ್ನೂ ಸಣ್ಣ ಧ್ವನಿಯಲ್ಲಿ, "ಇದ್ದರೂ ನನಗೆ ಬೇಡ" ಅಂದರು. ಆಮೇಲೆ ಚಪ್ಪಲಿ ಹುಡುಕುತ್ತ, ಈ ಮಾತು ಮೇಲಿನವರ ತನಕ ಹೋಗುವುದು ಬೇಡ ಅಂತ ಸೇರಿಸಿದರು.

ಆಗ ನನಗೆ ಅವರ ಮೇಲೆ ತಿರಸ್ಕಾರವೇ ಬಂತು. ಧೈರ್ಯದ ಮಾತನ್ನು ಚಹಾಕ್ಕೆ ಹೇಳುವ ಗಂಡಸು! ಈಗ ಅಷ್ಟು ಖಾತ್ರಿ ಇಲ್ಲ. ಎದೆಗಾರ ಅನ್ನಿಸಿಕೊಂಡವನಿಂದ ನನಗೆ ಸಿಕ್ಕದ್ದು ಬೆಂಕಿಯ ಪ್ರಸಂಗ. ಈ ಅಂಜುಬುರುಕನಿಂದ ಸಿಕ್ಕದ್ದು ಊಟದ ಕರೆ. ಆದರೂ ಅವರು ಮುಖ ನೋಡಿ ಹೇಳಬಹುದಿತ್ತು.

ಮರುದಿನ ಮೋಡ ಇತ್ತು. ನಾನು ಛತ್ರಿ ತೆಗೆದುಕೊಂಡೆ. ಗೆಳತಿ ಛತ್ರಿ ನೋಡಿದಳು, ನನ್ನನ್ನು ನೋಡಿದಳು. "ದೇವರು ಸಿಡಲ ಬಿಟ್ಟರ ಇದು ತಡೀತೈತೇನ?" ಅಂದಳು.

ಎಚ್ಚರಿಕೆ ಓದುವ ಹೊತ್ತು ಬಂತು. ಅಯ್ಯನವರು ಗಂಡಸರ ಕಡೆಗೇ ನೋಡುತ್ತ ಓದಿದರು. ಯಾವತ್ತಿಗಿಂತ ಬೇಗ ಮುಗಿಸಿದರೋ, ಅಥವಾ ಯಾವತ್ತೂ ಅಷ್ಟೇ ಇತ್ತೋ. ಹಿರಿಯರು ನನ್ನ ಕಡೆ ಹೊರಳಿ, ಎದ್ದು ನಿಂತು 'ಮರುಳಾದೆ' ಅನ್ನುತ್ತೇನೆ ಅಂತ ಕಾದರು. ನಾನು ಹಾಡಿನ ಪುಸ್ತಕದ ಹೊದಿಕೆಯನ್ನು ಬಹಳ ಭಕ್ತಿಯಿಂದ ನೋಡಿದೆ. ಗಂಡಸರ ಪಂಕ್ತಿ ಮುಗಿಯಿತು. ಹೆಂಗಸರು ಎದ್ದರು. ಗೆಳತಿ ಎದ್ದಳು. ನನ್ನನ್ನು ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ. ನನ್ನ ಕೈ ರೂಢಿಯಂತೆ ಕರವಸ್ತ್ರ ತೆಗೆದಿತ್ತು. ಹೊಸದು, ಅಂಚಿಗೆ ನೀಲಿ ಹೂವಿನದು. ಹಿಂದಿನಿಂದ ಒಂದು ಬೆರಳು ಬೆನ್ನಿಗೆ ಬಲವಾಗಿ ತಿವಿಯಿತು.

"ಏಳ," ಅಂತ ದೊಡ್ಡವ್ವ ಪಿಸುಗುಟ್ಟಿದಳು. "ಈ ಸರ್ತಿ ತಳಾ ಹಿಡದಿಲ್ಲ."

ಎದ್ದೆ. ನಂಬಿಕೆಯಿಂದ ಎದ್ದೆ ಅಂತ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಬೆನ್ನು ನೋಯುತ್ತಿತ್ತು, ಎದ್ದೆ. ಗೆಳತಿ ಮೊಣಕಾಲೂರಿದ್ದಳು, ಅವಳ ಬಾಜೂಕ ಒಬ್ಬರು ಕೂಡುವಷ್ಟು ಜಾಗ ಖಾಲಿ ಇತ್ತು. ಅವಳು ಹೇಳಿದ್ದ ಆ ಜಾಗವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಷ್ಟು ತಿಂಗಳೂ ಪಕ್ಕದ ಹೆಂಗಸರು ಅದನ್ನು ಒತ್ತರಿಸಿಕೊಳ್ಳದಂತೆ ಅವಳು ಸೆರಗು ಹರಡಿ ಹಿಡಿದುಕೊಂಡಿದ್ದಳು ಅಂತ ಆಗ ತಿಳಿಯಿತು. ಸೆರಗು ಎಳೆದುಕೊಂಡಳು. ನಾನು ಕೂತೆ.

ರೊಟ್ಟಿ ರೊಟ್ಟಿಯೇ ಆಗಿತ್ತು, ಸ್ವಲ್ಪ ಒಣಗಿತ್ತು. ಬಟ್ಟಲು ಬಂತು. ಅಯ್ಯನವರ ಪಕ್ಕ ಬಿಳೀ ಬಟ್ಟೆಯಿಂದ ಬಟ್ಟಲಿನ ಅಂಚು ಒರೆಸುವ ಕೆಲಸ ಹಿರಿಯರದು. ಅವರು ಬಗ್ಗಿ, ಇಡೀ ಪಂಕ್ತಿಗೆ ಕೇಳುವ ಪಿಸುಮಾತಿನಲ್ಲಿ, "ಎದ್ದ ಹೇಳಾಕ ನಾಚಿಗಿ ಬಂತ, ಇರಲಿ. ಶಿರಹಟ್ಟಿ ಮರತ ಬಿಡು ತಂಗಿ, ದೇವರು ಕ್ಷಮಿಸ್ಯಾನ" ಅಂದರು. ಹೂಂ ಅಂದೆ. ಯಾರದೋ ಮಗನ ಹರಳಿಗೆ ಕ್ಷಮೆ ಪಡೆದು, ನನ್ನದಕ್ಕೆ ಏನನ್ನೂ ಕೇಳದೆ, ಒಂದು ಗುಟುಕು ಕುಡಿದೆ. ಗೆಳತಿಯ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಗುಡುಗಲಿಲ್ಲ. ಕೆಂಡ ಇಲ್ಲ. ರಸ ಮಾತ್ರ ಖರೇನೇ ಹುಳಿ ಇತ್ತು, ಮತ್ತು ತಳ ಹಿಡಿದಿತ್ತು.

ಹೊರಗೆ ಬಾಗಿಲಲ್ಲಿ ದೊಡ್ಡವ್ವ ಕಾಯುತ್ತಿದ್ದಳು. "ಹೆಂಗಿತ್ತ?"

"ಭಾಳ ಛಲೋ ಇತ್ರಿ," ಅಂದೆ. ತುಟಿ ಇನ್ನೂ ಆರಿರಲಿಲ್ಲ, ಆಗಲೇ ಒಂದು ಸುಳ್ಳು.

"ಹುಳಿ ಇತ್ರಿ ದೊಡ್ಡವ್ವ," ಅಂದಳು ಗೆಳತಿ. "ಹೊತ್ತಿದ ವಾಸನಿನೂ ಬಡೀತಿತ್ತು. ಒಂದೀಟು ಬೆಲ್ಲಾ ಹಾಕ್ರಿ."

ದೊಡ್ಡವ್ವ ಅವಳನ್ನು ಕೆಂಡದಂತೆ ನೋಡಿದಳು. ಅಂತೂ ಆ ದಿನ ನಾನು ಕಂಡ ಕೆಂಡ ಅದೊಂದೇ. "ಇಷ್ಟ ವರ್ಷ ಸಭಾದಾಗ ಒಂದ ನರಪಿಳ್ಳೆ ಹೇಳಲಿಲ್ಲ!"

"ನೀವ ಯಾರನ್ನೂ ಕೇಳಿದ್ದಿಲ್ಲಲ್ರಿ."

ಮುಂದೆ ಎಂಬತ್ತರ ದಶಕದಲ್ಲಿ ನನಗೆ ಮುಂಡರಗಿಗೇ ವರ್ಗವಾಯಿತು. ಆ ಹೊಲದ ಮಾಸ್ತರು ಆಗಲೇ ಇನ್ನೊಂದು ಮದುವೆಯಾಗಿ, ಇನ್ನೆರಡು ಮಕ್ಕಳನ್ನು ತಯಾರು ಮಾಡಿಕೊಂಡಿದ್ದರು. ಹಿರಿಯರು ಸಾಯುವವರೆಗೂ ನನ್ನನ್ನು ಕಂಡಾಗಲೆಲ್ಲ 'ಶಿರಹಟ್ಟಿ ಕಡೆ ಹೋಗಿಲ್ಲಲಾ?' ಅನ್ನುವಂತೆ ಒಮ್ಮೆ ಹುಬ್ಬು ಎತ್ತುತ್ತಿದ್ದರು. ಅವರ ಮೊಮ್ಮಕ್ಕಳೇ ಈಗ ದೊಡ್ಡ ಮನಸ್ಸಿನ ಮಾತು ಆಡುವವರು.

ಆದರೆ ನಾನು ಹೇಳಬೇಕಾದದ್ದು ಆ ಹುಳಿ ರಸದ ಮರು ತಿಂಗಳ ಮೊದಲ ರವಿವಾರದ್ದು. ಗಂಡಸರ ಪಂಕ್ತಿಯಲ್ಲಿ ಬಟ್ಟಲು ಮುಟ್ಟಿದ ಒಬ್ಬೊಬ್ಬರ ಮುಖವೂ ವಿಚಿತ್ರವಾಗುತ್ತ ಹೋಯಿತು. ಒಬ್ಬರು ತುಟಿ ಚಪ್ಪರಿಸಿದರು. ಅಯ್ಯನವರು ಗುಟುಕು ನುಂಗಿ ಕೆಮ್ಮಿದರು. ದೊಡ್ಡವ್ವ ಸಿಟ್ಟಿನಲ್ಲಿ ಬೆಲ್ಲದ ಪೆಂಟೆಯನ್ನೇ ಗಡಿಗೆಗೆ ಇಳಿಸಿದ್ದಳು. ಗೆಳತಿ ಕುಡಿದು, ಕಣ್ಣು ಮುಚ್ಚಿಕೊಂಡು, ಭುಜ ಕುಲುಕುವುದನ್ನು ಪ್ರಾರ್ಥನೆಯಂತೆ ಕಾಣುವ ಹಾಗೆ ಮಾಡಿದಳು.

ನನಗೆ ಆ ತಿಂಗಳು ಖರೇನೇ ನೆಗಡಿಯಾಗಿತ್ತು. ಮನೆಯಲ್ಲೇ ಉಳಿಯುತ್ತೇನೆ ಅಂದಿದ್ದೆ. "ಕಡೀಕ ಕುಡಿ, ಆತು" ಅಂತ ಗೆಳತಿ ಎಳೆದುಕೊಂಡು ಬಂದಿದ್ದಳು. ಪಂಕ್ತಿಯ ತುದಿಯಲ್ಲಿ, ಅವಳ ಆಚೆ ಕೂತು, ಎಲ್ಲರಾದ ಮೇಲೆ ಕುಡಿದೆ. ಮೂಗು ಪೂರಾ ಕಟ್ಟಿತ್ತು. ಸಿಹಿ ಇತ್ತೋ ಹುಳಿ ಇತ್ತೋ ಒಂದೂ ತಿಳಿಯಲಿಲ್ಲ. ತಿರುಗಿ ನೋಡಿದರೆ, ಏನು ಹೇಳಬೇಕು ಅಂತ ನನಗೆ ಇನ್ನೂ ಹೊಳೆಯುವ ಮೊದಲೇ, ದೊಡ್ಡವ್ವ 'ಹೆಂಗಿತ್ತ?' ಅನ್ನಲಿಕ್ಕೆ ಎದ್ದು ಬಾಗಿಲ ಕಡೆ ಹೊರಟಿದ್ದಳು.